ಆದ್ದಾ ನದಿಯ ನೀಲಿ ಕೋಟಿನವರು

ಅಮೆರಿಕದ ಡಲ್ಲಾಸ್ ಬಳಿಯ ಮೆಕಿನ್ನಿ ಊರಿನ ತಮ್ಮ ಮನೆಯ ಗ್ಯಾರೇಜಿನಲ್ಲಿ ವಾಸುದೇವ ಇಡೀ ಒಂದು ಯುದ್ಧವನ್ನೇ ಇಟ್ಟುಕೊಂಡಿದ್ದರು. ಹಸಿರು ಬಟ್ಟೆ ಹಾಸಿದ ದೊಡ್ಡ ಮೇಜು, ಅದರ ನಡುವೆ ಬಣ್ಣ ಬಳಿದು ಮಾಡಿದ ಇಟಲಿಯ ಆದ್ದಾ ನದಿ, ದಡದಲ್ಲಿ ಕಿರುಬೆರಳುದ್ದದ ಸಿಪಾಯಿಗಳು. ಮುನ್ನೂರು ವರ್ಷದ ಹಿಂದೆ ಕಸಾನೊ ಎಂಬ ಊರಿನ ಹತ್ತಿರ ಆ ನದಿ ದಾಟಲು ಹೋದ ಸೈನ್ಯವೊಂದು ಸಾವಿರಾರು ಜನರನ್ನು ಕಳೆದುಕೊಂಡು ಹಿಂದಿರುಗಿತ್ತು. ಡಲ್ಲಾಸಿನ ಗೆಳೆಯರ ಬಳಗ ವರ್ಷಕ್ಕೊಮ್ಮೆ ಇಂಥ ಹಳೆಯ ಕದನವೊಂದನ್ನು ದಾಳ ಹಾಕಿ ಆಡುತ್ತಿತ್ತು. ಈ ಸಲ ಮೇಜು ಸಿದ್ಧಮಾಡುವ ಸರದಿ ವಾಸುದೇವರದು.

ಅಷ್ಟರಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು, ಬಲಗೈ ಮಾತ್ರ ಹೇಳಿದ ಮಾತು ಕೇಳದಾಯಿತು. ಆಸ್ಪತ್ರೆಯಿಂದ ಬಂದವರು ಒಂದು ಸಂಜೆ ಕುಂಚ ಹಿಡಿದು ನೋಡಿದರು. ಸಿಪಾಯಿಯ ಮುಖಕ್ಕೆಲ್ಲ ನೀಲಿ ಮೆತ್ತಿಕೊಂಡಿತು. ಬಣ್ಣದ ಡಬ್ಬಿ ಮುಚ್ಚಿ ಒಳಗೆ ಹೋಗಿ ಟಿವಿ ಮುಂದೆ ಕೂತುಬಿಟ್ಟರು.

ಉಷಾರಾಣಿಗೆ ಆ ಗ್ಯಾರೇಜಿನ ಮೇಲೆ ಹಳೆಯ ಮುನಿಸಿತ್ತು. ತನ್ನ ಜೊತೆಗಿಂತ ಹೆಚ್ಚು ಹೊತ್ತು ಗಂಡ ಆ ಬೊಂಬೆಗಳ ಜೊತೆ ಕಳೆಯುತ್ತಾರೆಂದು. ಆದರೆ ಟಿವಿ ಮುಂದೆ ಮಂಕಾಗಿ ಕೂತ ಗಂಡನನ್ನು ನೋಡಲಾರದೆ, ಮರುದಿನ ತಾವೇ ಗ್ಯಾರೇಜಿಗೆ ಹೋಗಿ ಸ್ಟೂಲೆಳೆದು ಕೂತರು.

"ರೀ, ಈ ಕೋಟಿಗೆ ಯಾವ ನೀಲಿ?"

ವಾಸುದೇವ ಬಾಗಿಲಿಗೆ ಬಂದರು. "ನಿನಗ್ಯಾಕೆ ಈ ಉಸಾಬರಿ, ಉಷಾ?"

"ರಂಗೋಲಿ ಎಳೆ ಎಳೆದ ಕೈ ಇದು. ನೀವು ಹೇಳಿ ಸಾಕು."

ಅಂದಿನಿಂದ ವಾಸುದೇವರ ಎಡಗೈ ಸಿಪಾಯಿಯನ್ನು ಹಿಡಿಯಿತು, ಉಷಾರಾಣಿಯ ಬಲಗೈ ಬಣ್ಣ ಹಚ್ಚಿತು.

"ಇವರು ಯಾರು?"

"ಪ್ರಷ್ಯಾದವರು, ಈಗಿನ ಜರ್ಮನಿ ಕಡೆಯವರು. ಊರು ಬಿಟ್ಟು ಬಹಳ ದೂರ ಬಂದವರು. ನದಿಗಿಂತ ಮೊದಲು ಕಾಲುವೆ ಸಿಕ್ಕಿತು, ಇಳಿದರು. ಮದ್ದೆಲ್ಲ ನೆನೆದು ಬಂದೂಕು ಹಾರಲಿಲ್ಲ. ಆದರೂ ಮುಂದೆ ಹೋದರು."

"ಈಜು ಬರ್ತಿರಲಿಲ್ವಾ?"

"ಆ ದಪ್ಪ ಕೋಟು ಹಾಕ್ಕೊಂಡು ಯಾರು ಈಜ್ತಾರೆ? ಎಷ್ಟೋ ಜನ ಮುಳುಗಿಹೋದ್ರು."

ಉಷಾರಾಣಿ ಎಲ್ಲಕ್ಕಿಂತ ಸಣ್ಣ ಕುಂಚ ಕೈಗೆತ್ತಿಕೊಂಡರು. ಆಮೇಲೆ ಒಬ್ಬೊಬ್ಬನಿಗೂ ಬೇರೆ ಬೇರೆ ಹುಬ್ಬು, ಮೀಸೆ ಬರೆಯತೊಡಗಿದರು. "ನಾಲ್ಕಡಿ ದೂರದಿಂದ ಇದೆಲ್ಲ ಯಾರಿಗೆ ಕಾಣುತ್ತೆ?" ಎಂದು ವಾಸುದೇವ ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲ ನಗು.

ಆಟದ ದಿನ ಮೇಜು, ಸಿಪಾಯಿಗಳನ್ನೆಲ್ಲ ಡಲ್ಲಾಸಿನಲ್ಲಿ ಬಳಗ ಸೇರುವ ಜಾಗಕ್ಕೆ ಸಾಗಿಸಿದರು; ಉಷಾರಾಣಿಯೂ ಜೊತೆಗೆ ಹೋದರು. ಎದುರು ದಡದ ಫ್ರೆಂಚರ ಪಡೆ ಹಳೆಯ ಗೆಳೆಯ ಚಂದ್ರಮೋಹನನದು. ವಾಸುದೇವ ನೀಲಿ ಕೋಟಿನವರ ಮೊದಲ ಸಾಲನ್ನು ಕಾಲುವೆಗೆ ಇಳಿಸಿದರು. ದಾಳ ಕೈಕೊಟ್ಟಿತು. ಚಂದ್ರಮೋಹನ ಸತ್ತವರನ್ನು ಒಬ್ಬೊಬ್ಬರಾಗಿ ಎತ್ತಿ ರಟ್ಟಿನ ಪೆಟ್ಟಿಗೆಗೆ ಹಾಕಿದ. ವಾಸುದೇವ ಪೆಟ್ಟಿಗೆಯನ್ನೇ ನೋಡುತ್ತಿದ್ದರು.

"ಇನ್ನೂ ಅರ್ಧ ಸೈನ್ಯ ಇದೆ ವಾಸು. ಇನ್ನೊಂದು ಸಲ ನುಗ್ಗಿದ್ರೆ ಗೆಲ್ತೀಯ," ಎಂದ ಚಂದ್ರಮೋಹನ.

"ಬೇಡ. ಹಿಂದಕ್ಕೆ ಕರೀತೀನಿ."

ಬಳಗದವರು ಮುಖ ಮುಖ ನೋಡಿಕೊಂಡರು. ಸೋಲೆಂದು ಬರೆದುಕೊಂಡರು.

ಹಿಂದಿರುಗುವಾಗ ಉಷಾರಾಣಿಯೇ ಡ್ರೈವ್ ಮಾಡುತ್ತಿದ್ದರು. ಮನಸ್ಸಿಗೆ ಕಸಿವಿಸಿ. "ನಾನು ಬಣ್ಣ ಹಚ್ಚಿದ್ದು ಅಂತ ನನಗೋಸ್ಕರ ಸೋಲಬೇಕಾಗಿರಲಿಲ್ಲ ನೀವು," ಎಂದರು.

"ನಿನಗೋಸ್ಕರ ಅಲ್ಲ," ಎಂದರು ವಾಸುದೇವ. "ಇಷ್ಟು ವರ್ಷ ಆಡಿದೀನಿ. ಸಿಪಾಯಿಗಳ ಮುಖ ನೋಡಿದ್ದು ಇದೇ ಮೊದಲು."

ಮುಂದಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಉಷಾರಾಣಿ ಗಂಡನ ಕಡೆ ತಿರುಗಿ, "ಹಸಿವಾಗಿದೆಯೇನ್ರೀ? ದೋಸೆ ತಿಂದ್ಕೊಂಡು ಹೋಗೋಣ್ವಾ?" ಎಂದು ಕೇಳಿದರು.