ಕುಡಿಯುವುದಕ್ಕೆ ಮಾತ್ರ

ನೀರಿನ ಮುಖ್ಯ ಕೊಳವೆ ಒಡೆದು ಅಂದಿಗೆ ಐದು ದಿನ. ಟ್ಯಾಂಕರ್ ಮುಂದೆ ಸಾಲು ನಿಲ್ಲಲಾಗದವರ ಮನೆಗಳಿಗೆ ಚಾಲಕ ವ್ಯಾನಿನಲ್ಲಿ ನೀರು ಒಯ್ಯುತ್ತಿದ್ದ. ಪಟ್ಟಿಯಲ್ಲಿದ್ದ ಮನೆಗೆ ದಿನಕ್ಕೊಂದು ಕ್ಯಾನ್.

ಮೂರನೇ ಮಹಡಿಯ ಮೇಷ್ಟ್ರ ಮನೆಗೆ ಹತ್ತುವಾಗ ಕಾಲು ಹಿಂದೇಟು ಹಾಕಿತು. ಮೊನ್ನೆ ಅಲ್ಲಿ ಬಾಯಿಗೆ ಬಂದಂತೆ ಮಾತಾಡಿದ್ದ. ಮೇಷ್ಟ್ರು ಲಕ್ವ ಹೊಡೆದು ಹಾಸಿಗೆ ಹಿಡಿದವರು. ಅವರ ಹೆಂಡತಿ ಅವನ ಕಣ್ಣೆದುರೇ ಅರ್ಧ ಕ್ಯಾನ್ ಬಕೆಟ್ಟಿಗೆ ಸುರಿದು ಗಂಡನ ಹಾಸುಬಟ್ಟೆ ನೆನೆಸಿದ್ದಳು.

"ಏನಮ್ಮಾ, ಬಟ್ಟೆ ಒಗೆಯೋಕಾ ನಾನು ಸೊಂಟ ಮುರ್ಕೊಂಡು ಹೊತ್ತು ತರೋದು? ಇದು ಕುಡಿಯೋಕೆ ಮಾತ್ರ. ಇನ್ನೊಂದ್ಸಲ ನೋಡಿದ್ರೆ ಪಟ್ಟಿಯಿಂದ ಹೆಸರು ತೆಗೀತೀನಿ."

ತೆಗೆಯುವ ಅಧಿಕಾರ ಅವನಿಗಿರಲಿಲ್ಲ. ಅವಳಿಗದು ಗೊತ್ತಿರಲಿಲ್ಲ. ನಿನ್ನೆ ಅವನಿಗೆ ಬೇರೆ ಬೀದಿಗಳ ಪಾಳಿ; ಇಲ್ಲಿಗೆ ಕ್ಯಾನ್ ತಂದದ್ದು ಇನ್ನೊಬ್ಬ.

ಬಾಗಿಲು ತೆರೆಯುತ್ತಲೇ ನಾತ ಮೂಗಿಗೆ ಬಡಿಯಿತು. ಮಂಚದ ಪಕ್ಕ ನಿನ್ನೆಯ ಕ್ಯಾನ್ ಮುಕ್ಕಾಲು ಹಾಗೇ ಇತ್ತು.

"ನೋಡಪ್ಪಾ, ಕುಡಿಯೋಕೆ ಬಿಟ್ಟು ಒಂದು ಹನಿ ಮುಟ್ಟಿಲ್ಲ. ನೀನೇ ನೋಡ್ಕೋ."

ಅವಳ ದನಿಯಲ್ಲಿ ದೂರಿರಲಿಲ್ಲ. ಅದೇ ಅವನಿಗೆ ಚುಚ್ಚಿತು.

"ಹತ್ರ ಬರ್ಬೇಡ ಮಾರಾಯ," ಮೇಷ್ಟ್ರು ಸೊಟ್ಟ ಬಾಯಲ್ಲಿ ಅಂದರು, "ನಾನೀಗ ತಿಪ್ಪೆಗುಂಡಿ." ನಗು ಬಂದದ್ದು ಅವರೊಬ್ಬರಿಗೇ.

ಅವನು ಹೊದಿಕೆ ಸರಿಸಿದ. ಎರಡು ದಿನದ ಒದ್ದೆಯಲ್ಲಿ ಸೊಂಟದ ಚರ್ಮ ಸುಲಿದು ಹಸಿಗಾಯವಾಗಿತ್ತು.

"ದಿನಾ ಒರೆಸ್ತಿದ್ದಾಗ ಏನೂ ಇರ್ಲಿಲ್ಲ," ಎಂದಳು ಅವಳು.

ಚಾಲಕ ತಾನು ತಂದ ಕ್ಯಾನಿನ ಮುಚ್ಚಳ ಕಿತ್ತು ಬಕೆಟ್ಟಿಗೆ ಸುರಿಯತೊಡಗಿದ. ಅವಳು ಓಡಿಬಂದು ಅವನ ಕೈ ಹಿಡಿದಳು.

"ಬೇಡಪ್ಪಾ! ಹೆಸರು ತೆಗೆದ್ರೆ ನಾಳೆ ಇವರ ಬಾಯಿಗೇನು ಹಾಕ್ಲಿ?"

"ತೆಗೆಯಲ್ಲಮ್ಮಾ. ಅದೆಲ್ಲ ನನ್ನ ಕೈಲಿಲ್ಲ. ಸಿಟ್ಟಲ್ಲಿ ಸುಳ್ಳು ಹೇಳಿದ್ದೆ."

ಅವಳ ಹಿಡಿತ ಸಡಿಲವಾಯಿತು. "ಸುಳ್ಳಾ?" ಎಂದಳು.

ಇಬ್ಬರೂ ಸೇರಿ ಮೇಷ್ಟ್ರನ್ನು ಪಕ್ಕಕ್ಕೆ ಹೊರಳಿಸಿದರು. ನೀರು ತಾಗಿದಾಗ ಅವರು ಹಲ್ಲು ಕಚ್ಚಿದರು. ಎರಡನೇ ಸಲ ತಡೆಯಲಾರದೆ ಕೂಗಿಬಿಟ್ಟರು. ಚಾಲಕ ಆಸ್ಪತ್ರೆಗೆ ಫೋನ್ ಮಾಡಿದ. ನರ್ಸ್ ಸಂಜೆಯೊಳಗೆ ಬರುತ್ತಾರೆಂದರು. ಕೆಳಗೆ ವ್ಯಾನಿನಲ್ಲಿ ಇನ್ನೂ ಹತ್ತೊಂಬತ್ತು ಮನೆಗಳ ನೀರಿತ್ತು.

"ನಾಳೆ ಹೇಗಾದ್ರೂ ಎರಡು ಕ್ಯಾನ್ ತರ್ತೀನಮ್ಮಾ," ಎಂದ.

ಅವಳು ತಲೆಯೆತ್ತಲಿಲ್ಲ. ಗಾಯದ ಸುತ್ತ ಬಟ್ಟೆ ಒತ್ತುತ್ತಲೇ, "ಬಾಗಿಲ ಹೊರಗೆ ಇಟ್ಟು ಹೋಗು. ನಾನು ಎಳ್ಕೋತೀನಿ," ಎಂದಳು.