ಮೂವರಿಗೂ ಪಾದ ಕೊಟ್ಟ ಬಸವ

ಕೊತ್ತತ್ತಿಯ ದೊಡ್ಡಸಿದ್ದಯ್ಯನ ಸೊಸೆ ಮಂಗಳಮ್ಮ ಮೈಸೂರಿನಲ್ಲಿ ಎಂ.ಎ. ಓದುತ್ತಾಳೆ ಎಂದರೆ ಊರಿನವರು ನಂಬುತ್ತಿದ್ದರು. ಏಕೆ ಓದುತ್ತಾಳೆ ಎಂದು ಹೇಳಿದರೆ ಮಾತ್ರ ನಂಬುತ್ತಿರಲಿಲ್ಲ. ಹಳೆಯ ಕಲ್ಲುಗಳ ಮೇಲೆ ಕೆತ್ತಿದ ಶಾಸನಗಳನ್ನು ಓದಲು ಕಲಿಯುತ್ತಿದ್ದೇನೆ ಎಂದು ಒಮ್ಮೆ ನಾಲೆಯ ಬಳಿ ಅವಳೇ ಬಾಯಿಬಿಟ್ಟು ಹೇಳಿದ್ದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಮ್ಮ ಕೈಕೆಳಗಿನ ಕಲ್ಲನ್ನು ಒಂದು ಸಲ ನೋಡಿ, ಅವಳನ್ನೊಂದು ಸಲ ನೋಡಿ, ಮತ್ತೆ ಬಟ್ಟೆ ಕುಕ್ಕತೊಡಗಿದ್ದರು.

ಅವಳ ಅಪ್ಪ ಮಳವಳ್ಳಿಯಲ್ಲಿ ಸ್ಕೂಲು ಮೇಷ್ಟ್ರು. ಮಗಳಿಗೆ ಬಿ.ಎ. ಮುಗಿಸಿಯೇ ಮದುವೆ ಮಾಡಿದ್ದರು. ಎಲೆಅಡಿಕೆ ಹಿಡಿಯುವ ಹೊತ್ತಿನಲ್ಲಿ, “ಮುಂದಕ್ಕೆ ಓದಬೇಕು ಅಂದರೆ ಬೇಡ ಅನ್ನಬಾರದು” ಎಂದು ಕೇಳಿಕೊಂಡಿದ್ದರು. ಬೀಗರು ಇಂಥ ಹೊತ್ತಿನಲ್ಲಿ ಆಡುವ ಮಾತುಗಳಲ್ಲಿ ಇದೂ ಒಂದು ಎಂದುಕೊಂಡು ದೊಡ್ಡಸಿದ್ದಯ್ಯ ಹೂಂ ಎಂದಿದ್ದ. ಆ ಹೂಂ ಎಂದ ಮಾತು ಎರಡು ಮಕ್ಕಳಾದ ಮೇಲೆ ಎದ್ದು ನಿಂತಿತು. ಕೊಟ್ಟ ಮಾತು ತಪ್ಪಿದ ಮನೆ ಅಲ್ಲ ಅದು. ಮಂಗಳಮ್ಮ ಸೋಮವಾರ ಮಂಡ್ಯದಲ್ಲಿ ರೈಲು ಹತ್ತಿ ಹೋಗುವಳು, ಮೈಸೂರಿನ ಒಂಟಿಕೊಪ್ಪಲಿನಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಉಳಿಯುವಳು, ಶನಿವಾರ ಬರುವಳು. ಮಕ್ಕಳನ್ನು ಅತ್ತೆ ಪುಟ್ಟಮಾದಮ್ಮ ನೋಡಿಕೊಳ್ಳುವಳು. ದೊಡ್ಡವನಾದ ಚಿಕ್ಕಣ್ಣನಿಗೆ ನಾಲ್ಕು ವರ್ಷ. ಚಿಕ್ಕವಳಾದ ಹೊಂಬಾಳೆಗೆ ಆಗಷ್ಟೆ ಬೇವಿನಸೊಪ್ಪು ಅರೆದು ಹಚ್ಚಿ ಮೊಲೆ ಬಿಡಿಸಿದ್ದರು. ಗಂಡ ನಾಗಯ್ಯ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಶನಿವಾರ ರಾತ್ರಿ ಬಂದು, ಭಾನುವಾರವೆಲ್ಲ ಎಲ್ಲರ ಮಾತಿಗೂ ತಲೆದೂಗಿ ಹೋಗುತ್ತಿದ್ದ.

ಎರಡನೇ ಮಹಾಯುದ್ಧ ಮುಗಿದಿತ್ತು, ಸೀಮೆಎಣ್ಣೆ ಮಾತ್ರ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಮಾಘ ಕಳೆಯುತ್ತಿದ್ದ ಒಂದು ಶನಿವಾರ ಮಂಗಳಮ್ಮ ಗಾಡಿಯಿಂದಿಳಿದು ಅಂಗಳಕ್ಕೆ ಬಂದಾಗ ಹೊಂಬಾಳೆ ಅಜ್ಜಿಯ ಸೀರೆಯ ಹಿಂದೆ ಅವಿತುಕೊಂಡಳು.

“ಬಾರವ್ವ, ಬಾ” ಎಂದು ಮಂಗಳಮ್ಮ ಕೈಚಾಚಿದಳು.

ಮಗು ಬರಲಿಲ್ಲ. ಚಿಕ್ಕಣ್ಣ ತಂಗಿಗೆ ತಿಳಿಯಹೇಳಿದ: “ಅವ್ವ ಕಣಮ್ಮಿ. ಕಲ್ಲು ಓದೋ ಅವ್ವ.”

ಹೊಂಬಾಳೆ ಅಣ್ಣನನ್ನು ನೋಡಿದಳು, ಮಂಗಳಮ್ಮನನ್ನು ನೋಡಿದಳು, ಆಮೇಲೆ ಪುಟ್ಟಮಾದಮ್ಮನ ಮಂಡಿಯನ್ನು ತಬ್ಬಿಕೊಂಡು, “ಅವ್ವ” ಎಂದು ಅಣ್ಣನ ತಪ್ಪನ್ನು ತಿದ್ದಿದಳು.

ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ ದೊಡ್ಡಸಿದ್ದಯ್ಯ ತಲೆಯೆತ್ತಲಿಲ್ಲ. “ನೋಡ್ದಾ ಮಗೀನ? ಆಲು ಬುಡ್ಸಿದ್ರಿ. ಈಗ ಅವ್ವುನ್ನೂ ಬುಡ್ಸಿದ್ರಿ” ಎಂದ.

ಮಂಗಳಮ್ಮ ಕೈಚೀಲವನ್ನು ಕೆಳಗಿಡುವುದನ್ನೂ ಮರೆತು ನಿಂತಿದ್ದಳು.

“ಸಾಕು, ನಿಲ್ಲುಸ್ಬುಡು ಕಣವ್ವ” ಎಂದ ಮಾವ. ಸಿಟ್ಟಿನಿಂದಲ್ಲ, ಮಳೆ ಬರುತ್ತದೆ ಎನ್ನುವ ಹಾಗೆ. “ಕಲ್ಲು ಎಲ್ಲೂ ಓಗಕಿಲ್ಲ, ಅಲ್ಲೇ ಬಿದ್ದಿರ್ತದೆ. ಮಗು ಅಂಗಲ್ಲ, ಬೆಳ್ದುಬುಡ್ತದೆ.”

“ಯುಗಾದಿ ಆಯ್ತಿದ್ದಂಗೆ ಪರೀಕ್ಸೆಯಂತೆ” ಎಂದಳು ಪುಟ್ಟಮಾದಮ್ಮ. “ಈಗ ನಿಲ್ಸಿದ್ರೆ ಕೊಯ್ಲಿಗೆ ಬಂದ ಗದ್ದೆಗೆ ದನ ಬುಟ್ಟಂಗಾಯ್ತದೆ.”

“ನೀ ಸುಮ್ಕಿರು. ನಾಳೆ ಬಸಪ್ಪ ಊರಿಗೆ ಬತ್ತದೆ. ಅದುನ್ನೇ ಕೇಳ್ಬುಡನ. ಅದು ಏನಂದ್ರೂ ಯಾರೂ ಎದುರಾಡಂಗಿಲ್ಲ.”

ಆ ರಾತ್ರಿ ಊಟಕ್ಕೆ ಬಂದ ನಾಗಯ್ಯನನ್ನು ಮಂಗಳಮ್ಮ ಕೇಳಿದಳು, “ನೀವೇನಂತೀರಿ?”

“ಬಸಪ್ಪ ಏಳ್ದಂಗೆ” ಎಂದ ನಾಗಯ್ಯ. ಕಾರ್ಖಾನೆಯಲ್ಲಿ ಮೇಸ್ತ್ರಿಯ ವಿಷಯದಲ್ಲೂ ಅವನು ಹೀಗೇ ಅನ್ನುತ್ತಿದ್ದ.

ಚಿಕ್ಕರಸಿನಕೆರೆಯ ಕಡೆಯಿಂದ ಊರೂರು ಸುತ್ತಿ ಬರುವ ದೇವರ ಬಸವ ಅದು. ಬಿಳಿಯ ಮೈ, ಕೊಂಬಿಗೆ ಹಿತ್ತಾಳೆಯ ಕಳಸ, ಕೊರಳಲ್ಲಿ ಗಂಟೆ. ಅದಕ್ಕೆ ಮೂಗುದಾರವಿಲ್ಲ, ಹಿಡಿದೆಳೆಯುವವರಿಲ್ಲ. ಅದು ಹೋದಲ್ಲಿಗೆ ಪೂಜಾರಿ ಕರಿಸಿದ್ದಯ್ಯ ಹಿಂದೆ ಹಿಂದೆ ಹೋಗುವುದಷ್ಟೆ. ಮನೆಯ ಮುಂದೆ ನಿಂತ ಬಸವನ ಕಾಲು ತೊಳೆದು, ಅರಿಸಿನ ಕುಂಕುಮವಿಟ್ಟು, ಕೇಳುವವರು ಮಂಡಿಯೂರಿ ಎರಡು ಅಂಗೈಗಳನ್ನೂ ನೆಲಕ್ಕೆ ಒಡ್ಡಬೇಕು. ಪ್ರಶ್ನೆಯನ್ನು ಬಾಯಿ ಬಿಟ್ಟು ಹೇಳಬಾರದು, ಮನಸ್ಸಿನಲ್ಲಿ ನೆನೆಯಬೇಕು. ಆಗುವಂಥದಾದರೆ ಬಸವ ಆ ಅಂಗೈಗಳ ಮೇಲೆ ಪಾದವಿಡುತ್ತದೆ. ಅಷ್ಟು ದೊಡ್ಡ ಜೀವ, ಆದರೆ ಕೈಗೆ ಒಂದು ಎಲೆ ಬಿದ್ದಷ್ಟೂ ಭಾರ ಗೊತ್ತಾಗುವುದಿಲ್ಲ. ಆಗದು ಎಂದರೆ ತಲೆ ಕೊಡವಿ ಮುಂದಿನ ಮನೆಗೆ ಹೋಗುತ್ತದೆ.

ಮರುದಿನ ಬಸವ ಬಂದು ನಿಂತಾಗ ದೊಡ್ಡಸಿದ್ದಯ್ಯ ಮೊದಲು ಕೈಯೊಡ್ಡಿದ. ಬಸವ ಅವನ ತಲೆಯ ರುಮಾಲನ್ನು ಮೂಸಿ ನೋಡಿ ಪಾದವಿಟ್ಟಿತು. ದೊಡ್ಡಸಿದ್ದಯ್ಯ ಕಣ್ಣಿಗೆ ಕೈ ಒತ್ತಿಕೊಂಡು ಎದ್ದು, ವ್ಯಾಜ್ಯ ಗೆದ್ದವನಂತೆ ಪಕ್ಕಕ್ಕೆ ನಿಂತ.

ಮಂಗಳಮ್ಮ ಮಂಡಿಯೂರಿದಳು. ಮಾವನಿಗೆ ಸಿಕ್ಕಿತೆಂದರೆ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಮನಸ್ಸಿನಲ್ಲಿ ನೆನೆದಳು. ಇಲ್ಲ ಎಂದುಬಿಟ್ಟರೆ ತನಗೂ ನಿರಾಳವೇ ಎಂದು ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು, ಅದನ್ನು ತಳ್ಳಿದಳು. ಕೈಯ ಮೇಲೆ ತಣ್ಣಗೆ ಏನೋ ಕೂತಿತು. ಕಣ್ಣುಬಿಟ್ಟರೆ ಪಾದ.

ಪುಟ್ಟಮಾದಮ್ಮ ಯಾರನ್ನೂ ಕೇಳದೆ ಪಕ್ಕದಲ್ಲೇ ಕೈಯೊಡ್ಡಿ ಕೂತಿದ್ದಳು. ಅವಳಿಗೂ ಕೊಟ್ಟಿತು. ಆಮೇಲೆ ಬಾಳೆಹಣ್ಣು ತಿಂದು, ಚಿಕ್ಕಣ್ಣನ ಕೈ ನೆಕ್ಕಿ, ನಾಲೆಯ ಏರಿಯ ಕಡೆ ನಡೆಯಿತು.

ಎಲ್ಲರೂ ಪೂಜಾರಿಯ ಮುಖ ನೋಡಿದರು.

“ಒಂದು ಮನೆಗೆ ಒಂದು ಪ್ರಶ್ನೆ ಕಣ್ರಪ್ಪ” ಎಂದ ಕರಿಸಿದ್ದಯ್ಯ, ಬೇಜಾರಿನಿಂದ. “ಮೂರು ಜನ ಕೈ ಒಡ್ಡಿದ್ರೆ ಬಸಪ್ಪ ಏನ್ಮಾಡ್ತದೆ? ಅದ್ಕೆ ದಾಕ್ಸಿಣ್ಯ ಜಾಸ್ತಿ.”

“ಅಂಗಾರೆ ಯಾರ್ದು ಸುಳ್ಳು?” ಎಂದ ದೊಡ್ಡಸಿದ್ದಯ್ಯ.

“ಪಾದ ಕೊಟ್ಮೇಲೆ ಯಾವ್ದೂ ಸುಳ್ಳಾಗಕಿಲ್ಲ. ಮೂರೂ ನಡೀಬೇಕು. ಎಂಗೆ ಅಂತ ನೀವೇ ದಾರಿ ಮಾಡ್ಕೊಳಿ.” ಅವನು ಕೋಲೆತ್ತಿಕೊಂಡು ಬಸವನ ಹಿಂದೆ ಹೊರಟುಹೋದ.

ಪುಟ್ಟಮಾದಮ್ಮ ಗಂಡನ ಕಡೆ ತಿರುಗಿದಳು. “ನೀನು ಏನಂತ ನೆನುಸ್ಕೊಂಡೆ? ದೇವ್ರ ಮುಂದೆ ನೆನ್ಸಿದ್ದು, ಒಂದು ಮಾತೂ ಆಚೆ ಈಚೆ ಮಾಡ್ಬ್ಯಾಡ.”

ದೊಡ್ಡಸಿದ್ದಯ್ಯ ಮಾಡುವವನೂ ಅಲ್ಲ. “ಮಕ್ಳು ಅವ್ವುನ್ನ ಬುಟ್ಟಿರದು ಇವತ್ತಿಗೆ ನಿಲ್ಲಲಿ ಅಂತ.”

“ನೀನವ್ವ?”

“ಹೋಗಿ ಪರೀಕ್ಷೆ ಬರೀಲಾ ಅಂತ ಕೇಳಿದೆ ಅತ್ತೆ.”

ಪುಟ್ಟಮಾದಮ್ಮ ಎದ್ದು ಒಳಗೆ ಹೋಗಿ ಎರಡು ಕಂಬಳಿ ತಂದು ಅಂಗಳದಲ್ಲಿ ಕೊಡವಿದಳು.

“ಇದ್ಯಾಕೆ?” ಎಂದ ಗಂಡ.

“ಅವ್ಳು ಓಯ್ತಳೆ. ಮಕ್ಳು ಅವ್ವುನ್ನ ಬುಟ್ಟಿರಂಗಿಲ್ಲ. ಅಂಗಾರೆ ಮಕ್ಳೂ ಓಯ್ತವೆ.”

“ಅಲ್ಲಿ ನೋಡ್ಕೊಳೋರ್ಯಾರು?”

“ನಾನೇನು ಸತ್ತೋಗಿದ್ದೀನಾ?”

ದೊಡ್ಡಸಿದ್ದಯ್ಯನಿಗೆ ವಿಷಯ ನಿಧಾನವಾಗಿ ತಲೆಗೆ ಹತ್ತಿತು. “ನನ್ಗೆ ಇಟ್ಟು ತೊಳ್ಸಿ ಮುದ್ದೆ ಕಟ್ಟೋರ್ಯಾರು?”

“ಅದುನ್ನ ನೀನು ಬಸಪ್ಪನ್ನ ಕೇಳ್ನಿಲ್ವಲ್ಲ” ಎಂದಳು ಪುಟ್ಟಮಾದಮ್ಮ.

ಕೇಳೋಣವೆಂದರೆ ಬಸವ ಆಗಲೇ ಏರಿ ದಾಟಿತ್ತು.

ಪುಟ್ಟಮಾದಮ್ಮ ಅಲ್ಲಿಯವರೆಗೆ ಮಂಡ್ಯದಿಂದಾಚೆ ಕಾಲಿಟ್ಟವಳಲ್ಲ. ಮೈಸೂರನ್ನು ಎರಡು ದಿನ ನೋಡಿ, “ಇಷ್ಟೊಂದು ಮನೆ, ಒಂದು ಕಣ ಇಲ್ಲ” ಎಂದು ಅಭಿಪ್ರಾಯ ಕೊಟ್ಟಳು. ಸೋದರತ್ತೆಯ ಮನೆಯ ಹಿಂದಿನ ಕೋಣೆ ನಾಲ್ವರಿಗೆ ಸಾಲುತ್ತಿರಲಿಲ್ಲ. ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ಮಡಿಸಬೇಕು. ಬೆಳಕು ಹರಿದೊಡನೆ ಮಂಗಳಮ್ಮ ಬಾಗಿಲಿಗೆ ಒರಗಿ ಶಾಸನಗಳನ್ನು ಗಟ್ಟಿಯಾಗಿ ಓದುವಳು. ಚಿಕ್ಕಣ್ಣ ಎದುರಿಗೆ ಕೂತು, ರಾಜರ ಹೆಸರು ಬಂದಾಗಲೆಲ್ಲ ಅರ್ಥವಾದವನಂತೆ ಹೂಂಗುಟ್ಟುವನು. ಶಾಸನದ ಕೊನೆಗೆ, ಈ ದತ್ತಿಯನ್ನು ಅಳಿದವನು ಹುಳುವಾಗಿ ಹುಟ್ಟಲಿ, ಗೋವನ್ನು ಕೊಂದ ಪಾಪಕ್ಕೆ ಹೋಗಲಿ ಎಂದು ಬಂದರೆ ಪುಟ್ಟಮಾದಮ್ಮ ಕೈಯಲ್ಲಿದ್ದ ಸೊಪ್ಪು ಬಿಟ್ಟು ಕೇಳುವಳು.

“ನಮ್ಮತ್ತೆ ಇಂಗೇ ಬಯ್ತಿದ್ಲು” ಎಂದಳು ಒಂದು ದಿನ. “ಅವ್ಳಿಗೂ ಎಂ.ಎ. ಕೊಡ್ಬೌದಾಗಿತ್ತು.”

ನಡುವೆ ಒಂದು ದಿನ ದೊಡ್ಡಸಿದ್ದಯ್ಯ ರಾಗಿಹಿಟ್ಟಿನ ಚೀಲ ಹೊತ್ತು ಬಂದ. ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಊಟಕ್ಕೆ ಕೂತು, ಹೆಂಡತಿ ಮಾಡಿದ ಮುದ್ದೆಯನ್ನು ಒಮ್ಮೆ ತಿರುಗಿಸಿ ನೋಡಿದ.

“ಇದ್ರಲ್ಲಿ ಗಂಟೇ ಇಲ್ಲ” ಎಂದ.

“ನಿಂದ್ರಲ್ಲಿ ಇರ್ತದಾ?”

“ನಂದು ಗಂಟೇಯ. ನಾಗ ಮಾತಾಡ್ದೆ ತಿಂತಾನೆ.” ಇನ್ನೊಂದು ತುತ್ತು ನುಂಗಿ, “ದೇವ್ರು ಕೊಟ್ಮೇಲೆ ಬ್ಯಾಡ ಅನ್ನಕಾದದಾ?” ಎಂದು ಯಾರಿಗೂ ಅಲ್ಲದಂತೆ ಹೇಳಿ ಸಂಜೆಯ ರೈಲಿಗೆ ಹೋದ.

ಎಲ್ಲ ಸರಿಯಾಗಿತ್ತು, ಹೊಂಬಾಳೆ ಒಬ್ಬಳನ್ನು ಬಿಟ್ಟು. ಅವಳು ಮಂಗಳಮ್ಮ ಎತ್ತಿಕೊಂಡರೆ ಅಳುವುದನ್ನು ನಿಲ್ಲಿಸಿದ್ದಳು. ಆದರೆ ಬೇರೆಯವರ ಗಾಡಿಯಲ್ಲಿ ಕೂತವಳಂತೆ ಬಿಗಿಯಾಗಿ ಕೂತಿರುತ್ತಿದ್ದಳು. ಮಂಗಳಮ್ಮ ಬಲವಂತ ಮಾಡಲಿಲ್ಲ. ಸವೆದ ಕಲ್ಲಿನ ಮುಂದೆ ಅವಸರ ಪಟ್ಟರೆ ಇದ್ದ ಅಕ್ಷರವೂ ಕಾಣಿಸುವುದಿಲ್ಲ. ಓದುವಾಗ ಮಗಳನ್ನು ಮಗ್ಗುಲಲ್ಲಿ ಕೂರಿಸಿಕೊಳ್ಳುವಳು, ಅಷ್ಟೆ. ಮಗು ಅವಳ ತುಟಿಗಳನ್ನೇ ನೋಡುತ್ತಿತ್ತು.

ಪರೀಕ್ಷೆಯ ಮೊದಲ ದಿನ ಮಂಗಳಮ್ಮ ದೇವರಿಗೆ ಕೈಮುಗಿದು, ಮಸಿ ತುಂಬಿದ ಪೆನ್ನು ಹಿಡಿದು ಹೊಸಿಲು ದಾಟಿದಳು. ಹಿಂದಿನಿಂದ ಸೆರಗು ಬಿಗಿಯಿತು. ಹೊಂಬಾಳೆ ಎರಡು ಕೈಯಲ್ಲೂ ಸೆರಗು ಹಿಡಿದು, ಅಷ್ಟು ದಿನದಿಂದ ಕೂಡಿಟ್ಟುಕೊಂಡಿದ್ದ ಅಳುವನ್ನೆಲ್ಲ ಒಟ್ಟಿಗೆ ತೆಗೆದು ಕೂಗಿದಳು: “ಅವ್ವಾ!”

ಮಂಗಳಮ್ಮ ಅಲ್ಲೇ ಕುಳಿತುಬಿಟ್ಟಳು. “ಅತ್ತೆ, ನಾನು ಹೋಗಲ್ಲ” ಎಂದಳು.

“ಓಗದೇ ಇದ್ರೆ ಮುದುಕ ತಿಂತಿರೋ ಗಂಟುಮುದ್ದೆಗೆ ಏನು ಬೆಲೆ?” ಪುಟ್ಟಮಾದಮ್ಮ ಮಗುವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು, ರೊಟ್ಟಿಯ ಗಂಟನ್ನು ಹೆಗಲಿಗೆ ಹಾಕಿಕೊಂಡಳು. “ಅವ್ವುನ್ನ ಬುಟ್ಟಿರಂಗಿಲ್ಲ ಅಂತ ಆಗದೆ. ಎಲ್ರೂ ಪರೀಕ್ಸೆಗೆ ಓಗನ, ನಡಿ. ಚಿಕ್ಕಣ್ಣ, ಚೊಂಬು ತಕ್ಕೊಳ್ಲಾ.”

ಹಾಗೆ ಆ ದಿನ ಒಬ್ಬರ ಪರೀಕ್ಷೆಗೆ ನಾಲ್ವರು ಹೋದರು. ಕಾಲೇಜಿನ ಅಂಗಳದ ಹೊಂಗೆಮರದ ಕೆಳಗೆ ಕಂಬಳಿ ಹಾಸಿಕೊಂಡ ಪುಟ್ಟಮಾದಮ್ಮನನ್ನು ಜವಾನನೊಬ್ಬ ಬಂದು, ಯಾರು ಬೇಕಾಗಿತ್ತು ಎಂದು ವಿಚಾರಿಸಿದ. ಚಿಕ್ಕಣ್ಣ ಎದ್ದು ನಿಂತು, “ನಮ್ಮವ್ವ ಒಳುಗ್ಡೆ ಅವ್ಳೆ. ನೀನು ಸದ್ದು ಮಾಡ್ಬ್ಯಾಡ” ಎಂದ. ಜವಾನ ಚಪ್ಪಲಿಯ ಸದ್ದಾಗದಂತೆ ಹೋದ.

ಗಂಟೆ ಬಾರಿಸಿದ ಮೇಲೆ ಮಂಗಳಮ್ಮ ಹೊರಗೆ ಬಂದಳು. ಹೊಂಬಾಳೆ ಕಂಬಳಿಯಿಂದ ಎದ್ದು, ನೆರಳು ದಾಟಿ, ಬಿಸಿಲಲ್ಲಿ ಅಡ್ಡಾದಿಡ್ಡಿ ನಡೆದು ಬಂದು ಅವಳ ಕೈ ಹಿಡಿದಳು. ಬೆರಳಿಗೆ ಮೆತ್ತಿದ್ದ ನೀಲಿ ಮಸಿಯನ್ನು ಉಜ್ಜಿ ನೋಡಿ, ತನ್ನ ಹೊಟ್ಟೆಗೆ ಬಳಿದುಕೊಂಡಳು.

ರೊಟ್ಟಿ ತಿನ್ನುವಾಗ ಮಂಗಳಮ್ಮನಿಗೆ ನೆನಪಾಯಿತು. “ಅತ್ತೆ, ಅವತ್ತು ಬಸಪ್ಪನ್ನ ನೀವೇನು ಕೇಳಿದ್ರಿ? ನಿಮ್ಮದೂ ನಡೀಬೇಕಲ್ಲ.”

“ಕೇಳಾದು ಮರ್ತೋಯ್ತು ಕಣವ್ವ. ಅದ್ರ ಕಣ್ಣು ನೋಡ್ತಾ ಕೂತ್ಬುಟ್ಟೆ.” ಪುಟ್ಟಮಾದಮ್ಮ ಹುಚ್ಚೆಳ್ಳು ಚಟ್ನಿಯನ್ನು ಅವಳ ಕಡೆ ಸರಿಸಿದಳು. “ತಿನ್ನು. ನಾಳೆ ಯಾವ ಕಲ್ಲು?”

ಮಂಗಳಮ್ಮನ ಬಲಗೈ ಮಗಳ ವಶದಲ್ಲಿತ್ತು. ಅವಳು ಬಾಯಿ ತೆರೆದಳು, ಅತ್ತೆ ತುತ್ತು ಇಟ್ಟಳು.