ನನ್ನೊಳಗೆ ಇಣುಕಿದ ನೀಲಗಂಗಾ

ನಾನು ಒಂದು ಸೂಕ್ಷ್ಮದರ್ಶಕ. ಅಂಬಾಲದ ಕಾರ್ಖಾನೆಯೊಂದರಲ್ಲಿ ಹಿತ್ತಾಳೆಯ ಕೊಳವೆ, ಕಬ್ಬಿಣದ ಪಾದ, ಗಾಜಿನ ಮಸೂರಗಳು ಕೂಡಿ ನಾನಾದೆ. ಮರದ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ನನ್ನನ್ನು ಗದಗ ಸೀಮೆಯ ಒಂದು ಪ್ರೌಢಶಾಲೆಗೆ ಕಳುಹಿಸಿದರು. ಮಕ್ಕಳ ಕಣ್ಣುಗಳಿಗಾಗಿಯೇ ಹುಟ್ಟಿದ್ದೇನೆಂದು ದಾರಿಯುದ್ದಕ್ಕೂ ಹಿಗ್ಗಿದೆ.

ಆದರೆ ಅಲ್ಲಿ ನನಗೆ ದೊರೆತದ್ದು ಗಾಜಿನ ಬೀರು. ಆಯುಧಪೂಜೆಗೆ ನೆತ್ತಿಯ ಮೇಲೆ ಕುಂಕುಮ, ತನಿಖೆಯ ದಿನ ಮೈಗೆ ಎಣ್ಣೆ. ಉಳಿದ ದಿನಗಳಲ್ಲಿ ಧೂಳು. ಪಕ್ಕದ ಲಿಟ್ಮಸ್ ಕಾಗದಗಳು ಒಂದು ಹನಿ ಆಮ್ಲವನ್ನೂ ಕಾಣದೆ ಬಿಳಿಚಿಕೊಂಡವು. ಆದರೂ ವಿಜ್ಞಾನ ಕಲಿಸುವ ಬೆಳವಣಕಿ ಸರ್ ಕರಿಹಲಗೆಯ ಮೇಲೆ ಬರೆಯುತ್ತಿದ್ದರು: ‘ನೀಲಿ ಲಿಟ್ಮಸ್ ಕೆಂಪಾಯಿತು.’ ಮಕ್ಕಳು ಅದನ್ನು ‘ನಾನು ಗಮನಿಸಿದ್ದು’ ಎಂಬ ಶೀರ್ಷಿಕೆಯ ಕೆಳಗೆ ನಕಲು ಮಾಡುತ್ತಿದ್ದರು. ನೋಡದ್ದನ್ನು ನೋಡಿದೆನೆಂದು ಬರೆಯಲು ಕಲಿಸುವುದು ಯಾವ ವಿಜ್ಞಾನ? ನಾನು ಒಳಗೊಳಗೇ ಕುದಿಯುತ್ತಿದ್ದೆ. ಸರ್ ಕೆಟ್ಟವರಲ್ಲ. ಸಾಮಾನು ಒಡೆದರೆ ತಮ್ಮ ತಲೆಗೆ ಬರುತ್ತದೆಂಬ ಅಂಜಿಕೆ ಅವರನ್ನು ಕಟ್ಟಿಹಾಕಿತ್ತು.

ಹನ್ನೊಂದನೆಯ ವರ್ಷ ಒಂಬತ್ತನೆಯ ತರಗತಿಯ ನೀಲಗಂಗಾ ಬೆನ್ನು ಬಿದ್ದಳು. “ಒಮ್ಮೆರೆ ನೋಡ್ತೀನ್ರೀ ಸರ್!” ಬೇಸತ್ತು ಅವರು ನನ್ನನ್ನು ಹೊರಗಿಟ್ಟರು. ಆಕೆ ಈರುಳ್ಳಿಯ ತೆಳು ಪೊರೆ ಸುಲಿದು, ಅಯೋಡಿನ್ ಹನಿ ಹಾಕಿ, ಮೇಲೆ ಮುಚ್ಚುವ ತೆಳು ಗಾಜನ್ನು ತಟ್ಟನೆ ಇಟ್ಟು ಇಣುಕಿದಳು. ಕಪ್ಪು ಅಂಚಿನ ದುಂಡನೆಯ ಉಂಗುರಗಳು ಕಂಡವು. ಅವನ್ನೇ ಚಿತ್ರವಾಗಿ ಬರೆದಳು. ಉಳಿದವರೆಲ್ಲ ಗೈಡಿನಿಂದ ಇಟ್ಟಿಗೆಯಂಥ ಕೋಶಗಳನ್ನು ಇಳಿಸಿಕೊಂಡಿದ್ದರು.

ಸರ್ ಆಕೆಯ ಪುಟದ ಮೇಲೆ ಕೆಂಪು ಗೀಟೆಳೆದರು. “ಏನವ್ವಾ, ಉಳ್ಳಾಗಡ್ಡಿ ಒಳಗ ಗೋಲಿಗುಂಡು ಇರ್ತಾವೇನು?” ತರಗತಿ ನಕ್ಕಿತು. “ಹಾಳಿ ಹರದು ಬ್ಯಾರೆ ಚಿತ್ರ ತಗಿ. ಇಲ್ಲಾಂದ್ರ ಹತ್ತಕ್ಕ ಸೊನ್ನಿ.”

ಪಕ್ಕದ ಫರ್ಜಾನಾ ಪಿಸುಗುಟ್ಟಿದಳು: “ನಂದು ನೋಡಿ ತಗದ್ಬಿಡ. ಗುರ್ತ ಹತ್ತಂಗಿಲ್ಲ.”

ನೀಲಗಂಗಾಳ ಕಣ್ಣು ತುಂಬಿತು. ಕೈ ಮಾತ್ರ ಪುಟವನ್ನು ಒತ್ತಿ ಹಿಡಿದಿತ್ತು. “ನನಗ ಕಂಡದ್ದು ಇಷ್ಟ ರೀ ಸರ್. ಕಾಣದ್ದು ಹ್ಯಾಂಗ್ ತಗೀಲ್ರಿ?”

ಸರ್ ನನ್ನತ್ತ ಬಾಗಿದರು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವರ ರೆಪ್ಪೆ ನನ್ನನ್ನು ಸೋಕಿತು. ತಿರುಪು ತಿರುಗಿಸಿ ತಿರುಗಿಸಿ ನೋಡಿದರು.

“ಖರೆ ಅದವ್ವಾ. ಇವು ಗಾಳಿಗುಳ್ಳಿ. ಗಾಜು ಓರೆ ಮಾಡಿ ಸಾವಕಾಶ ಇಳಸ್ಬೇಕು. ಅದನ್ನ ನಾ ಹೇಳಬೇಕಾಗಿತ್ತು.”

ಆಕೆಯ ಬೆರಳಿಗೆ ತಮ್ಮ ಬೆರಳು ಆನಿಸಿ ಹೊಸ ಗಾಜನ್ನು ಇಳಿಸಿದರು. ಆಕೆ ಇಣುಕಿದಳು. “ಅಯ್ಯ! ಇಟ್ಟಂಗಿ ಹಂಗ ಸಾಲಿಟ್ಟಾವ್ರೀ ಸರ್, ಒಳಗ ಒಂದೊಂದು ಚುಕ್ಕಿ!”

ಸರ್ ತಮ್ಮ ಕೆಂಪು ಗೀಟನ್ನು ತಾವೇ ಹೊಡೆದುಹಾಕಿ, ‘ಗಾಳಿಗುಳ್ಳೆ, ನಿಜವಾಗಿ ಕಂಡದ್ದು’ ಎಂದು ಬರೆದು ಸಹಿ ಮಾಡಿದರು. “ಉಳಿದವ್ರು ಸಾಲಾಗಿ ಬರ್ರಿ. ನೋಡಿದ ಮ್ಯಾಲ ತಗೀರಿ.”

ಆಮೇಲೆ ಇಪ್ಪತ್ತು ವರ್ಷ ದುಡಿದೆ. ಈಗ ನನ್ನ ತಿರುಪು ಸವೆದಿದೆ, ಮಸೂರಕ್ಕೆ ಬೂಷ್ಟು ಹಿಡಿದಿದೆ. ಕೋಣೆಯ ಮೂಲೆಯೇ ನನ್ನ ಮನೆ. ಸವೆದದ್ದಕ್ಕೆ ನನಗೆ ದುಃಖವಿಲ್ಲ. ಮಕ್ಕಳ ಕೈ ಸೋಕದೆ ಹೊಳೆಯುತ್ತಲೇ ಉಳಿದ ನನ್ನಂಥವರು ಇನ್ನೆಷ್ಟಿದ್ದಾರೋ! ನನ್ನ ಮರುಕವೆಲ್ಲ ಅವರಿಗೆ. ಅವರೆದುರೇ ಕುಳಿತು, ಕಾಣದ್ದನ್ನು ಕಂಡೆನೆಂದು ಬರೆಯುತ್ತಿರುವ ಮಕ್ಕಳಿಗೂ.